ಬನಹಟ್ಟಿ ಬಟ್ಟೆಯ ಕೈಗವಸು

ಅವರ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಒಂದು ಗೆರೆಯಿತ್ತು. ಗೆರೆಯ ಮೇಲೆ ನುಣುಪಾದ ಕಪ್ಪು ತೋಳು. ಕೆಳಗೆ ಕೆಂಪಗೆ ಬಿರಿದು ನೀರೊಸರುವ ಕೈ. ಜಮಖಂಡಿ ಸೀಮೆಯ ಒಂದು ಸಣ್ಣ ದವಾಖಾನೆಯಲ್ಲಿ ಅವರು ಹಿರಿಯ ನರ್ಸು, ನಾನು ಹೊಸಬಳು. ಆಗ ಇನ್ನೂ ಮುಂಬೈ ಸರಕಾರ. ಎಲ್ಲರಿಗೂ ಅವರು ಬಾಯಾರು.

ಮೆತ್ತನೆಯ ಹೆಂಗಸಲ್ಲ. ನಮ್ಮಲ್ಲಿ ರಬ್ಬರ್ ಕೈಗವಸು ಹರಿದರೆ ಎಸೆಯುತ್ತಿರಲಿಲ್ಲ. ಸೈಕಲ್ ಟ್ಯೂಬಿಗೆ ಹಚ್ಚಿದಂತೆ ತೇಪೆ ಹಚ್ಚಿ, ಕುದಿಸಿ, ಹಗ್ಗದ ಮೇಲೆ ಒಣಹಾಕಿ, ಪುಡಿ ಉದುರಿಸಿ ಮತ್ತೆ ತೊಡುತ್ತಿದ್ದೆವು. ನನ್ನ ತೇಪೆ ಸೋರಿದರೆ ಬಾಯಾರು ಎಲ್ಲರೆದುರಿಗೆ ಕಿವಿ ಹಿಂಡುತ್ತಿದ್ದರು. ಆ ಪುಡಿ ಹಾರಿದರೆ ಸಾಕು, ಅವರಿಗೆ ಸೀನು, ಉಬ್ಬಸ. ಹಾಗೆ ಸೀನುತ್ತಲೇ ಬೈಯುವರು.

ಊರು ಆ ಕೈಗಳಿಗೆ ಮಹಾರೋಗ ಎಂದು ಹೆಸರಿಟ್ಟಿತು. ಬಾಣಂತಿಯರ ಮನೆಯಲ್ಲಿ ಬಾಯಾರು ಚಹಾ ಕುಡಿದ ಬಟ್ಟಲನ್ನು ಮನೆಯವರು ಮೂರು ಸಲ ಬೂದಿ ಹಾಕಿ ತಿಕ್ಕುತ್ತಿದ್ದರು, ಅದೂ ಅವರಿಗೆ ಕಾಣುವಂತೆ. ಉಡಿ ತುಂಬಿದ ಬಾಳೆಹಣ್ಣನ್ನು ಬಾಯಾರು ತಿನ್ನುತ್ತಿರಲಿಲ್ಲ. ತಿಂದರೆ ಗಂಟಲು ಕೆರೆಯುತ್ತಿತ್ತು. ಅದಕ್ಕೆ ಜನ ಸೊಕ್ಕು ಎಂದರು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಯಾರೂ ಅವರನ್ನು ಕರೆಯುತ್ತಿರಲಿಲ್ಲ. "ಹೆರೂ ಮುಂದ ನನ್ನ ಕೈ ಬೇಕು, ಹೆಸರಿಡೂ ಮುಂದ ಬ್ಯಾಡ," ಎಂದು ಒಮ್ಮೆ ನಕ್ಕರು. ಸುಳ್ಳೇಕೆ ಹೇಳಲಿ, ಅವರ ತಾಟು ಮುಟ್ಟಲು ನನಗೂ ಅಂಜಿಕೆಯಿತ್ತು.

ರೋಗದ ಮೂಲ ಹಿಡಿದವರು ಅವರೇ. ದೀಪಾವಳಿಗೆ ಮುಧೋಳದ ತವರಿಗೆ ಹೋಗಿ ಹದಿನೈದು ದಿನ ಇದ್ದು ಬಂದಾಗ ಕೈ ಮಾಯ್ದಿದ್ದವು. ಕೆಲಸಕ್ಕೆ ಮರಳಿದ ಎರಡನೇ ದಿನ ಮತ್ತೆ ಬಿರಿದವು. ತವರಿನಲ್ಲಿ ಅಣ್ಣನ ಮಗಳಿಗೆ ರಬ್ಬರಿನ ಫುಗ್ಗ ಊದಿಕೊಡುವಾಗ ತುಟಿ ಬಾತದ್ದು ನೆನಪಾಯಿತು. ಹಳೆಯ ಕೈಗವಸಿನ ಚೂರೊಂದನ್ನು ತೋಳಿಗೆ ಕಟ್ಟಿಕೊಂಡು, ಬಿಚ್ಚಿದಾಗ ಎದ್ದಿದ್ದ ದದ್ದನ್ನು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಅದನ್ನು ಸೋಪಿನ ಕಜ್ಜಿ ಎಂದು ಮುಲಾಮು ಬರೆದರು. ಬಾಯಾರು ಬನಹಟ್ಟಿಯ ತೆಳ್ಳನೆಯ ಬಟ್ಟೆ ತರಿಸಿ ಕೈಗವಸು ಹೊಲಿದು, ರಬ್ಬರಿನ ಒಳಗೆ ತೊಡತೊಡಗಿದರು. ಗಾಯ ಅರ್ಧಕ್ಕರ್ಧ ಇಳಿಯಿತು.

ಮುಂದೆ ಅವರ ಗರ್ಭಕೋಶದಲ್ಲಿ ಗಡ್ಡೆ ಬೆಳೆಯಿತು. ಕೊಯ್ಯಲೇಬೇಕಾಯಿತು. ಬರಿಗೈ ಚೆನ್ನಾಗಿ ತೊಳೆದುಕೊಂಡು ಕೊಯ್ಯಿರಿ, ಇಲ್ಲವೇ ಬಟ್ಟೆಯ ಕೈಗವಸು ತೊಡಿರಿ, ರಬ್ಬರ್ ಮಾತ್ರ ಬೇಡ ಎಂದು ಅವರು ಡಾಕ್ಟರನ್ನು ಬೇಡಿಕೊಂಡರು. ಆ ಹೆಂಗಸು ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಾಳೆ ಕತ್ತರಿನೂ ಆಗಿಬರೂದಿಲ್ಲ ಅಂತೀರಿ," ಎಂದು ಡಾಕ್ಟರು ನಕ್ಕರು.

ಕೊಯ್ಯುವ ದಿನ ಬೆಳಿಗ್ಗೆ ಬಾಯಾರು ಕುದಿಸಿದ ಒಂದು ಗಂಟನ್ನು ನನ್ನ ಕೈಗಿಟ್ಟರು. ಡಾಕ್ಟರ ಕೈಯ ಅಳತೆಗೆ ಹೊಲಿದ ಬಟ್ಟೆಯ ಕೈಗವಸು. "ರಬ್ಬರ ನನ್ನ ಹೊಟ್ಟಿಯೊಳಗ ಹೋಗಬಾರದವಾ. ಕ್ಲೋರೋಫಾರ್ಮ ಕೊಟ್ಟ ಮ್ಯಾಲ ನನಗ ಹೇಳಾಕ ಬರೂದಿಲ್ಲ. ನೀನ ಹೇಳಬೇಕು," ಎಂದರು. ನಾನು ಹೂಂ ಅಂದೆ.

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಗದಕ್ಕೆ ಬೀಳಬೇಕಾದ ಸಹಿ ಅದೇ ಡಾಕ್ಟರದು. ಟೇಬಲ್ಲಿನ ಬಳಿ ಡಾಕ್ಟರು ಎರಡೂ ಕೈ ಮುಂದೆ ಚಾಚಿದರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟು, ನಾನು ಪುಡಿ ಹಾಕಿದ ರಬ್ಬರ್ ಗವಸು ತೊಡಿಸಿದೆ.

ಹೊಟ್ಟೆ ತೆರೆದು ಸ್ವಲ್ಪ ಹೊತ್ತಿಗೆ ಬಾಯಾರ ಎದೆಯ ಮೇಲೆ ದದ್ದು ಎದ್ದವು. ಮುಖ ಗುರುತು ಸಿಗದಷ್ಟು ಊದಿತು. ಉಸಿರು ಸಿಳ್ಳೆಯಂತೆ ಎಳೆದು ನಿಂತಿತು. ಕ್ಲೋರೋಫಾರ್ಮ್ ತಾಳಲಿಲ್ಲ, ಎದೆ ದುರ್ಬಲ ಎಂದು ಡಾಕ್ಟರು ಬರೆದರು.

ರಬ್ಬರ್ ಮರದ ಹಾಲು ಕೆಲವರ ಮೈಗೆ ಆಗಿಬರುವುದಿಲ್ಲ, ಅಂಥವರಲ್ಲಿ ಹಲವರಿಗೆ ಬಾಳೆಹಣ್ಣೂ ಆಗದು, ಕೊಯ್ಯುವ ಮುಂಚೆ ಕೇಳಿ ತಿಳಿದುಕೊಳ್ಳಬೇಕು ಎಂಬ ಪಾಠ ನಮಗೆ ಬಂದದ್ದು ನನ್ನ ನಿವೃತ್ತಿಯ ಹೊತ್ತಿಗೆ. ನಾನು ಅದಕ್ಕೂ ಮೊದಲೇ, ನನ್ನ ಸರ್ವೀಸು ಪೂರ್ತಿ, ಟೇಬಲ್ ಏರುವ ಪ್ರತಿಯೊಬ್ಬರನ್ನೂ ಕೇಳಿದ್ದೇನೆ: "ಫುಗ್ಗ, ರಬ್ಬರ, ಬಾಳಿಹಣ್ಣ ಆಗಿಬರತಾವೇನ್ರಿ?" ಜಾಗ್ರತೆಯ ನರ್ಸು ಎಂದು ಜನ ನನ್ನನ್ನು ಹೊಗಳಿದರು. ಆ ಪ್ರಶ್ನೆ ಬಾಯಾರದು. ಅದನ್ನು ಕೇಳುವ ಎದೆ ನನಗೆ ಬಂದದ್ದು ಅವರು ಸತ್ತ ಮೇಲೆ.

ಅಂದು ಮಹಾರೋಗದ ಹೆಣವೆಂದು ಆಯಾಗಳು ಮುಟ್ಟಲಿಲ್ಲ. ನಾನೊಬ್ಬಳೇ ಬರಿಗೈಯಿಂದ ಬಾಯಾರ ಮೈ ತೊಳೆದೆ. ಬಗ್ಗಿದಾಗಲೆಲ್ಲ ಆ ಬಟ್ಟೆಯ ಗಂಟು ನನ್ನ ಸೊಂಟಕ್ಕೆ ಒತ್ತುತ್ತಿತ್ತು. ಮರುವಾರ ನನ್ನ ಕಾಗದಕ್ಕೆ ಸಹಿ ಬಿತ್ತು.