ಹನ್ನೊಂದನೆಯ ನಿಯಮ ಮತ್ತು ಗಲಗಲಿ ವಕೀಲರು

ಒಂದಾನೊಂದು ಊರಿನಲ್ಲಿ ಒಂದು ಗೋಡೆ ಇತ್ತಂತೆ. ಅದರೆದುರು ನಿಂತು ನಾಲ್ಕು ಅಂಕಿಗಳನ್ನು ಗುಟ್ಟಾಗಿ ತಿಳಿಸಿದರೆ, ಅದು ಬಾಯಿ ತೆರೆದು ಅವರವರದನ್ನು ಅವರವರಿಗೆ ಕೊಡುತ್ತಿತ್ತಂತೆ. ನನ್ನಜ್ಜಿಯ ಕತೆಗಳಲ್ಲಿ ಇಂಥ ಗೋಡೆ ಇರಲಿಲ್ಲ. ಇದ್ದಿದ್ದರೆ ಅವಳು ಅದಕ್ಕೊಬ್ಬ ಕಾವಲುಗಾರನನ್ನಿಟ್ಟು, ಅವನಿಗೊಂದು ಮರೆವನ್ನೂ ಕೊಟ್ಟಿರುತ್ತಿದ್ದಳು. ಗೋಡೆಯನ್ನು ನಾನು ಹುಬ್ಬಳ್ಳಿಯಲ್ಲಿ ಕಂಡೆ. ಕಾವಲುಗಾರರೆಂದರೆ ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾದ ಶ್ರೀ ಬಿಂದುಮಾಧವ ಗಲಗಲಿಯವರು.

ಬ್ಯಾಂಕಿನ ವಕೀಲನೆಂದರೆ ಸಾಲ ವಸೂಲಿಯ ದಾವೆ ಹೂಡುವವನೆಂದೇ ಅವಳಿ ನಗರದ ನ್ಯಾಯವಾದಿಗಳು ತಿಳಿದಿದ್ದ ಕಾಲದಲ್ಲಿ, ಗಣಕಯಂತ್ರ ಕೊಟ್ಟ ಚೀಟಿ ಸಾಕ್ಷ್ಯವಾದೀತೆ, ಯಂತ್ರ ತಪ್ಪಿದರೆ ಹೊಣೆ ಯಾರದು ಎಂಬ ಪ್ರಶ್ನೆಗಳನ್ನು ತಲೆಗೆ ಹಚ್ಚಿಕೊಂಡವರು ಅವರು. ೧೯೯೧ರಲ್ಲಿ ನಮ್ಮ ಸಹಕಾರಿ ಬ್ಯಾಂಕಿನ ಕಾನೂನು ಅಧಿಕಾರಿಯಾಗಿ ಬಂದು, ೧೯೯೯ರಲ್ಲಿ ಎಟಿಎಂ ಕಾರ್ಡಿನ ನಿಯಮಾವಳಿಯನ್ನು ತಾವೇ ಕೂತು ಬರೆದರು.

ಅವರ ಬರವಣಿಗೆಗೆ ಒಂದು ಪದ್ಧತಿಯಿತ್ತು. ಯಾವ ಕರಡನ್ನಾದರೂ ಸಂಜೆ ಧಾರವಾಡದ ಮನೆಯಲ್ಲಿ ತಾಯಿ ಅಂಬಾಬಾಯಿಯವರಿಗೆ ಗಟ್ಟಿಯಾಗಿ ಓದಿ ಹೇಳುವರು. ಅವರೆಯ ಕಾಯಿ ಸುಲಿಯುತ್ತ ಕೇಳುವ ಆ ತಾಯಿ ಕೈ ನಿಲ್ಲಿಸಿದರೆ ಆ ಸಾಲು ಅರ್ಥವಾಗಲಿಲ್ಲವೆಂದು ಲೆಕ್ಕ. ಮರುದಿನ ಅದು ತಿದ್ದಿಸಿಕೊಂಡೇ ಕಚೇರಿಗೆ ಬರುತ್ತಿತ್ತು.

೨೦೦೩ರಲ್ಲಿ ನಾನು ಅವರ ಕೈಕೆಳಗೆ ಸೇರಿದೆ. ಕಿಟಕಿಯ ಪಕ್ಕದ ತಮ್ಮ ಮೇಜನ್ನೇ ನನಗೆ ಬಿಟ್ಟುಕೊಟ್ಟರು; ಬಂದವರಿಗೆಲ್ಲ ನನ್ನನ್ನು "ನಮ್ಮ ವಕೀಲರು" ಎಂದೇ ಪರಿಚಯಿಸಿದರು. ಕೆಲಸ ಬಿಟ್ಟು ನಾನು ಹೊರಗೆ ನೋಡುತ್ತ ಕೂತರೆ ಗದರುತ್ತಿರಲಿಲ್ಲ. "ಋತುಜಾ, ಅಲ್ಲಿಂದ ತಿರುಗಿ ಬಂದ ಮ್ಯಾಲೆ ಐದನೇ ಪುಟ ಒಂದಿಷ್ಟು ನೋಡವಾ" ಎನ್ನುವರು.

ಮರುವರ್ಷ ಜೂನಿನಲ್ಲಿ ಫಕೀರವ್ವ ಬಂದಳು. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಡಬ್ಬಿಗೆ ತುಂಬುವ ಕೆಲಸ ಅವಳದು. ಪಗಾರ ನಮ್ಮ ಬ್ಯಾಂಕಿಗೆ ಜಮಾ ಆಗುತ್ತಿತ್ತು. ಜೊತೆಯವರೆಲ್ಲ ಕಾರ್ಡು ಹಿಡಿದು ಸಂಜೆ ಯಂತ್ರದ ಮುಂದೆ ನಿಲ್ಲುತ್ತಿದ್ದರೆ, ಹೆಬ್ಬೆಟ್ಟಿನ ಖಾತೆಯವಳಾದ ಅವಳಿಗೆ ಮಾತ್ರ ಕಾರ್ಡಿರಲಿಲ್ಲ.

"ಬ್ಯಾಂಕು ತೆರೆದಿದ್ದಾಗ ನಾ ಕೆಲಸದಾಗ ಇರತೇನ್ರಿ. ತಿಂಗಳಿಗೊಂದ ದಿನಾ ಬಿಟ್ಟು ಬರಬೇಕು. ಇನ್ನೊಮ್ಮಿ ತಪ್ಪಿಸಿದ್ರ ಮನ್ಯಾಗ ಇರು ಅಂದಾನ್ರಿ ಮುಕಾದಮ" ಎಂದಳು. "ಯಾವ ಪುಣ್ಯಾತ್ಮ ಬರದಾನ್ರಿ ಈ ನಿಯಮ?"

ಗಲಗಲಿ ಸರ್ ಕಡತ ತೆಗೆದರು. ಹನ್ನೊಂದನೆಯ ನಿಯಮ: ಸಹಿ ಮಾಡಬಲ್ಲ ಖಾತೆದಾರರಿಗೆ ಮಾತ್ರ ಕಾರ್ಡು ನೀಡತಕ್ಕದ್ದು. ಅದರ ಮೇಲೆ ಬೆರಳಿಟ್ಟು, "ನಾನ ಬರದೇನಿ, ಫಕೀರವ್ವ" ಎಂದರು. ಹಳೆಯ ಚೆಕ್ ಪುಸ್ತಕದ ನಿಯಮದಿಂದ ಹಾಗೆಯೇ ಎತ್ತಿ ಇಟ್ಟ ಸಾಲು ಅದು. ಎಲ್ಲರಿಗೂ ಗೊತ್ತಿರುವುದನ್ನು ಓದುವುದೇನೆಂದು ಅದೊಂದನ್ನು ಮಾತ್ರ ಅವರು ತಾಯಿಗೆ ಓದಿ ಹೇಳಿರಲಿಲ್ಲ.

ಅಂದು ಸಂಜೆ ಓದಿದರು, ನಾನೂ ಜೊತೆಗಿದ್ದೆ. ಅಂಬಾಬಾಯಿಯವರ ಕೈ ನಿಂತಿತು.

"ಆ ಯಂತ್ರ ಸಹಿ ನೋಡತದೇನೋ ಬಿಂದೂ?"

"ಇಲ್ಲವ್ವಾ, ನಾಲ್ಕು ಅಂಕಿ ಕೇಳತದ."

"ಅದಽ ಕೇಳಲಾರದ್ದನ್ನ ನೀ ಯಾಕ ಕೇಳತೀ?"

ನಿವೃತ್ತಿಗೆ ಒಂಬತ್ತು ತಿಂಗಳಷ್ಟೇ ಉಳಿದಿತ್ತು. ಮರುದಿನವೇ ಸರ್ ಕಾರ್ಖಾನೆಗೆ ಹೋಗಿ, ಬ್ಯಾಂಕಿನ ತಪ್ಪಿಗೆ ಈಕೆಯ ಕೆಲಸ ಹೋಗಬಾರದೆಂದು ಕೇಳಿಕೊಂಡರು. ಕೆಲಸಗಾರರ ಮೇಲ್ವಿಚಾರಕನಾದ ಮುಕಾದಮ, ಮಾರ್ಚ್ ತನಕ ತಡೆಯುತ್ತೇನೆಂದು ಒಪ್ಪಿದ. ಸರ್ ಫಕೀರವ್ವನಿಗೆ, "ನಾ ಕುರ್ಚಿ ಬಿಡೂದ್ರೊಳಗ ನಿಮ್ಮ ಕೈಯಾಗ ಕಾರ್ಡು ಇರತದ" ಎಂದು ಮಾತು ಕೊಟ್ಟರು. ಬ್ಯಾಂಕು ನಿಯಂತ್ರಕರ ಸುತ್ತೋಲೆಗಳ ಕಟ್ಟನ್ನೆಲ್ಲ ನನ್ನ ಮುಂದಿಟ್ಟು, ಹೆಬ್ಬೆಟ್ಟಿನವರಿಗೆ ಕಾರ್ಡು ಬೇಡವೆನ್ನುವ ಸಾಲೊಂದನ್ನು ಹುಡುಕಲು ಹೇಳಿದರು. ಮಳೆಗಾಲವಿಡೀ ಹುಡುಕಿದೆ. ಎಚ್ಚರಿಕೆಯ ಸಾಲುಗಳು ಸಿಕ್ಕವು. ಬೇಡವೆಂಬ ಸಾಲು ನಮ್ಮ ನಿಯಮಾವಳಿಯಲ್ಲಿ ಮಾತ್ರ ಇತ್ತು.

ಆಡಳಿತ ಮಂಡಳಿ ಎರಡು ಸಲ ತಿದ್ದುಪಡಿಯನ್ನು ಮುಂದೂಡಿತು. ಅಧ್ಯಕ್ಷರಾದ ಸಿದ್ದಲಿಂಗಪ್ಪನವರ ಅಂಜಿಕೆ ಹುಸಿಯಲ್ಲ. "ಓದು ಬರದವರು ನಂಬರ ಯಾರಿಗರೆ ಹೇಳಿಬಿಡತಾರ. ನಾಳೆ ರೊಕ್ಕ ಹೋತಂದ್ರ ಯಾರ ಹೊಣಿ, ವಕೀಲರ?"

ವಾದಿಸುವುದನ್ನು ಬಿಟ್ಟು ಸರ್ ಮಾರ್ಚಿನ ಸಭೆಗೆ ಫಕೀರವ್ವನನ್ನೇ ಕರೆಸಿದರು. ಬಸ್ಸಿನ ನಂಬರು ನೋಡಿ ಹತ್ತುವವಳಿಗೆ ಅಂಕಿಗಳು ಹೊಸವಲ್ಲ. ಉಳಿದುದನ್ನು ನಾನು ನಾಲ್ಕು ದಿನ ಕಲಿಸಿದ್ದೆ. ಪರೀಕ್ಷೆಗೆಂದು ಕೊಟ್ಟ ಕಾರ್ಡಿಗೆ ಅವಳೇ ಅಂಕಿ ಆರಿಸಿ, ನಿರ್ದೇಶಕರೆಲ್ಲರ ಎದುರು ಯಂತ್ರದ ಗುಂಡಿಗಳನ್ನು ಒತ್ತಿದಳು. ಚೀಟಿ ಹೊರಗೆ ಬಂತು.

ಸಿದ್ದಲಿಂಗಪ್ಪನವರು ಮೆಚ್ಚಿ, "ಛಲೋ ಒತ್ತಿದಿ ನೋಡವಾ. ಯಾವ ನಂಬರ ಇಟ್ಟಿ?" ಎಂದು ಕೇಳಿದರು.

ಫಕೀರವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ಕೈಮಾಡಿದಳು. "ಯಾರಿಗೂ ಹೇಳಬ್ಯಾಡಂತ ಈ ಬಾಯಾರು ನಾಕ ದಿನಾ ನನ್ನ ತಲಿ ತಿಂದಾರ್ರಿ. ಅಧ್ಯಕ್ಷರು ಕೇಳಿದ್ರ ಹೇಳಬೇಕಂತ ಎಲ್ಯರೆ ಬರದೈತೇನ್ರಿ?"

ಒಬ್ಬ ನಿರ್ದೇಶಕರು ಕೆಮ್ಮಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನನ್ನ ನಂಬರ ನಮ್ಮ ಡ್ರೈವರಗೂ ಗೊತ್ತೈತಿ. ಬರೀರಿ ಗಲಗಲಿಯವರ, ತಿದ್ದುಪಡಿ ಬರೀರಿ" ಎಂದರು.

ನಿಯಮ ಬರೆದವರು ಬಹಳ ಜನ. ತಾವು ಬರೆದುದನ್ನು ಇದು ನಾನೇ ಮಾಡಿದ ತಪ್ಪೆಂದು ಓದಬಲ್ಲವರು ಎಷ್ಟು ಮಂದಿಯೋ ನಾನರಿಯೆ. ಅಂಥ ಒಬ್ಬರ ಬಳಿ ಕಲಿತೆನೆಂಬುದು ನನ್ನ ಭಾಗ್ಯ. ಸರ್ ನೂರು ವರ್ಷ ಬಾಳಲಿ. ಇನ್ನೂ ಯಾವ ಯಾವ ಗೋಡೆಗಳು ಬರಲಿವೆಯೋ, ಅವುಗಳ ನಿಯಮಗಳನ್ನೆಲ್ಲ ಅವರೆಯ ಬುಟ್ಟಿಯ ಮುಂದೆ ಕೂತು ಓದುತ್ತಿರಲಿ.

೨೦೦೫ರ ಮಾರ್ಚ್ ಮೂವತ್ತೊಂದು, ಅವರ ಸೇವೆಯ ಕೊನೆಯ ದಿನ. ಹಾರ ತುರಾಯಿಗಳನ್ನು ಮೇಜಿನ ಮೇಲೆ ಬಿಟ್ಟು, ಸಂಜೆ ನನ್ನನ್ನೂ ಕರೆದುಕೊಂಡು ಯಂತ್ರದ ಬಳಿ ಹೋದರು. ಕೆಲಸ ಮುಗಿಸಿ ನೇರವಾಗಿ ಬಂದಿದ್ದ ಫಕೀರವ್ವನ ಕೈಗೆ ಅವಳ ಹೆಸರಿನ ಕಾರ್ಡು ಕೊಟ್ಟರು. ಅವಳು ಅದನ್ನು ಹಣೆಗೊತ್ತಿಕೊಂಡು, ಯಂತ್ರದೊಳಗಿಟ್ಟು, ತಿರುಗಿ ನೋಡಿದಳು.

"ಸಾಹೇಬ್ರ, ನೀವೂ ಆ ಕಡೆ ನೋಡ್ರಿ."

ಇಬ್ಬರೂ ರಸ್ತೆಯ ಕಡೆ ಮುಖಮಾಡಿ ನಿಂತೆವು. ಬೆನ್ನ ಹಿಂದೆ ನಾಲ್ಕು ಸಲ ಗುಂಡಿಯ ಸದ್ದು ಕೇಳಿಸಿತು. ಸರ್ ತುಟಿಯಲ್ಲೇ ಎಣಿಸುತ್ತಿದ್ದರು. ಆಮೇಲೆ ಗೋಡೆ ಬಾಯಿ ತೆರೆಯಿತು.