ಮುಂದಕ್ಕೆ ಬಾಗಿದ ಅಕ್ಷರಗಳು

ನಿಜಾಮರ ಕಾಲದಲ್ಲಿ ಸೇಡಂ–ಚಿಂಚೋಳಿ ನಡುವೆ ನಮ್ಮ ಮೋಟಾರು ಬಸ್ಸು ಶುರುವಾದಾಗ, ಅದರ ಎರಡೂ ಬದಿಗೆ ಬಲಕ್ಕೆ ಬಾಗಿದ ದಪ್ಪ ಕನ್ನಡ ಅಕ್ಷರಗಳಲ್ಲಿ ಅದರ ಹೆಸರು ಬರೆಸಿದವಳು ನಾನೇ. ಕಾಲೇಜಿನಲ್ಲಿದ್ದಾಗ ಪತ್ರಿಕೆಯೊಂದರಲ್ಲಿ ಅಂಥ ಅಕ್ಷರ ಕಂಡಿದ್ದೆ. ಆ ಅಕ್ಷರಗಳಿಂದ ನಿಂತ ಗಾಡಿಯೂ ಓಡುವಂತೆ ಕಾಣುತ್ತಿತ್ತು.

ಮೊದಲ ದಿನ ಕೊಡ್ಲಿ ಊರಿನ ಮುದುಕಿಯೊಬ್ಬಳು ಬಾಗಿಲ ಬಳಿ ನಿಂತುಬಿಟ್ಟಳು. "ಯವ್ವಾ, ಅಕ್ಷರ ಹಿಂದಕ್ಕ ಓಡಾಕತ್ಯಾವ. ಗಾಡೀನೂ ಹಂಗೇನ್ರಿ?"

ಸುತ್ತಲಿನವರು ನಕ್ಕು ಎದುರಿಗೆ ನಿಂತಿದ್ದ ಬೇರೆಯವರ ಮೋಟಾರು ಹತ್ತಿದರು. ನಮ್ಮದು ಖಾಲಿ ಹೊರಟಿತು.

ಆಕೆ ಹೇಳಿದ್ದು ನಿಜ. ಬಲಗಡೆ ಮುಂದಕ್ಕೆ ನುಗ್ಗುವ ಕನ್ನಡ, ಬಾಗಿಲಿರುವ ಎಡಗಡೆಯಿಂದ ನೋಡಿದರೆ ಗಾಡಿಯ ಮೂತಿ ಎಡಕ್ಕಿದ್ದುದರಿಂದ ಹಿಂದಕ್ಕೆ ಜಗ್ಗುತ್ತಿತ್ತು.

"ಈ ಬಾಜು ಉರ್ದು ಬರೀರಿ, ಅದು ಎಡಕ್ಕೇ ಓಡ್ತದ" ಎಂದು ಪೇಂಟರಿಗೆ ಹೇಳಿದೆ.

ಆಮೇಲೆ ಗಾಡಿ ತುಂಬತೊಡಗಿತು. ಉರ್ದು ಬಾರದ ನಮ್ಮ ಮಾವನವರು ಮಾತ್ರ ಸುತ್ತು ಹಾಕಿ, ಬಲಗಡೆಯ ಹೆಸರು ಓದಿ, ನಮ್ಮದೇ ಎಂದು ಖಾತ್ರಿಯಾದ ಮೇಲೆಯೇ ಹತ್ತುತ್ತಿದ್ದರು.