ಪಕ್ಕದ ಜಾಗ

ವಿದ್ಯಾನಗರದ ನಮ್ಮ ಬೀದಿಗೆ ಕಸದ ಆಟೊ ಬರುವ ಹೊತ್ತಿಗೆ ನಾನು ಗೇಟಿನಲ್ಲೇ ನಿಂತಿರುತ್ತೇನೆ. ಒಬ್ಬಳ ಮನೆಯ ಕಸ ಎಷ್ಟಿರುತ್ತದೆ? ಹಸಿ ಬುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆ, ಟೀ ಚರಟ. ಒಣ ಬುಟ್ಟಿಯಲ್ಲಿ ಹಾಲಿನ ಕವರ್. ದಿನಾ ಕೊಡಬೇಕಾಗಿಲ್ಲ ಮೇಡಂ, ಆಗೀಗ ಕೊಟ್ಟರೆ ಸಾಕು ಎಂದು ಆಟೊದ ಹೆಣ್ಣುಮಗಳು ಎಂದೋ ಹೇಳಿದ್ದಾಳೆ. ನಾನು ಕೇಳುವುದಿಲ್ಲ. ಎಷ್ಟೋ ದಿನ ನಾನು ಬಾಯಿಬಿಟ್ಟು ಮಾತಾಡುವುದು ಅವಳೊಬ್ಬಳ ಹತ್ತಿರ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ತಿದ್ದುವ ಚಟ ಇನ್ನೂ ಹೋಗಿಲ್ಲ. ಹಸಿ ಬೇರೆ ಇಡಿ, ಒಣ ಬೇರೆ ಇಡಿ ಎಂದು ಬೀದಿಯವರ ತಲೆ ತಿಂದಿದ್ದೇನೆ. ಹಾಗಾಗಿ ಕಸದ ಹೊಸ ಯೋಜನೆಯ ಸಭೆಗೆ ನನ್ನನ್ನೂ ಕರೆದರು. ಶಿವಮೊಗ್ಗಕ್ಕೂ ಭದ್ರಾವತಿಗೂ ಸೇರಿ ಒಂದೇ ಕಡೆ ಕಸ ಬೇರ್ಪಡಿಸುವ ಶೆಡ್ಡು, ಗೊಬ್ಬರದ ಅಂಗಳ, ಕೊನೆಗೊಂದು ಗುಂಡಿ. ಗುಂಡಿಯೇ ಬೇಡ, ಎಲ್ಲವನ್ನೂ ಗೊಬ್ಬರ ಮಾಡೋಣ ಎಂದರು ಕೆಲವರು. ಸವೆದ ಚಪ್ಪಲಿ, ಮಕ್ಕಳ ಡೈಪರ್ ಗೊಬ್ಬರವಾಗುತ್ತದೆಯೇ ಎಂದು ಕೇಳಿದೆ. ಏನೇ ಮಾಡಿದರೂ ಒಂದಿಷ್ಟು ಉಳಿದೇ ಉಳಿಯುತ್ತದೆ; ತಳಕ್ಕೆ ದಪ್ಪ ಹಾಳೆ ಹಾಸಿ, ಮೇಲೆ ಮಣ್ಣು ಮುಚ್ಚಿ ಅದನ್ನು ಮರ್ಯಾದೆಯಿಂದ ಹೂಳಬೇಕು ಎಂದು ಭಾಷಣವನ್ನೇ ಬಿಗಿದೆ. ಚಪ್ಪಾಳೆಯೂ ಬಿತ್ತು.

ಆಮೇಲೆ ಗೋಡೆಯ ಮೇಲೆ ನಕ್ಷೆ ತೋರಿಸಿದರು. ಹೊಳೆಹೊನ್ನೂರಿನ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಗೋಮಾಳ. ನೀರಿನಿಂದ ದೂರ, ಗಟ್ಟಿ ನೆಲ. ಜಾಗ ಚೆನ್ನಾಗಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ನನ್ನ ಗಂಡನ ಊರಿನ ಗೋಮಾಳ. ಅವರನ್ನು ಮಣ್ಣು ಮಾಡಿದ್ದು ಅದರ ಅಂಚಿನಲ್ಲೇ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ. ಗಂಡನ ಪಕ್ಕ ಹೆಂಡತಿಗೆ ಜಾಗ ಬಿಟ್ಟಿರುತ್ತಾರೆ. ನಮ್ಮ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರು. ಅವರು ಹೋಗುವ ಹೊತ್ತಿಗೆ ನನ್ನ ಮೈದುನ ಹೊಲದ ತುಂಬ ಅಡಿಕೆ ಹಾಕಿಬಿಟ್ಟಿದ್ದ. ಸಸಿ ಕೀಳಲು ಮನಸ್ಸಾಗದೆ ಬೇಲಿಯಾಚೆ ಗೋಮಾಳದಲ್ಲಿ ಗುಂಡಿ ತೋಡಿಸಿದ. ಸರ್ಕಾರದ ನೆಲ, ಯಾರು ಕೇಳುತ್ತಾರೆ ಎಂದ. ತಮಗೆ ಕಟ್ಟೆ ಗಿಟ್ಟೆ ಬೇಡ ಎಂದು ನಮ್ಮವರು ಮೊದಲೇ ಹೇಳಿದ್ದರು. ಹಾಗಾಗಿ ಬರೀ ಮಣ್ಣಿನ ದಿಬ್ಬ, ತಲೆಯ ಕಡೆ ನಾನು ನೆಟ್ಟ ಬಿಲ್ವದ ಗಿಡ, ಪಕ್ಕದಲ್ಲಿ ನನ್ನ ಜಾಗ. ಮಕ್ಕಳಿಲ್ಲದ ನನಗೆ ಆ ಜಾಗ ದೊಡ್ಡ ಧೈರ್ಯವಾಗಿತ್ತು. ಇಲ್ಲಿ ಎಷ್ಟು ವರ್ಷ ಒಬ್ಬಳೇ ಇದ್ದರೂ ಕೊನೆಗೆ ಅಲ್ಲಿಗೇ ತಾನೆ ಹೋಗುವುದು ಎಂದುಕೊಳ್ಳುತ್ತಿದ್ದೆ.

ಊರವರಿಗೆ ಕಸದ ಗುಂಡಿ ಬೇಡವಾಗಿತ್ತು. ಎರಡು ಪೇಟೆಯ ಹೊಲಸು ನಮ್ಮ ತಲೆಗೇಕೆ ಎಂಬ ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಸಮಾಧಿಗಳಿದ್ದರೆ ಆ ಜಾಗ ಬಿಡುತ್ತಾರಂತೆ ಎಂಬ ಸುದ್ದಿ ಹೇಗೋ ಅವರ ಕಿವಿಗೆ ಬಿತ್ತು. ಅಧಿಕಾರಿಗಳು ಜಾಗ ನೋಡಲು ಬರುವ ದಿನ ಮೈದುನ ನನ್ನನ್ನೂ ಕರೆಸಿಕೊಂಡ. ನಾನು ಏನೂ ಮಾತಾಡುವುದು ಬೇಡ, ಅಳುತ್ತಾ ಕೂತರೆ ಸಾಕು ಎಂದ. ಹೋಗಿ ನೋಡುತ್ತೇನೆ, ಗೋಮಾಳದ ತುಂಬ ಸಮಾಧಿಗಳು. ಹೊಸ ಸಿಮೆಂಟಿನ ಕಟ್ಟೆ, ವಿಭೂತಿಯ ಪಟ್ಟೆ, ಬಿಲ್ವದ ಟೊಂಗೆ. ಊರಲ್ಲಿ ಸತ್ತವರಿಗಿಂತ ಸಮಾಧಿಗಳೇ ಹೆಚ್ಚಾಗಿದ್ದವು. ನನಗೆ ನಗು ತಡೆಯಲಿಲ್ಲ. ನಗುತ್ತಲೇ ನಮ್ಮವರ ದಿಬ್ಬ ಹುಡುಕಿದೆ. ಸಿಗಲಿಲ್ಲ.

“ಅಣ್ಣಂದೊಂದು ಯಾಕೆ ಭಿಕಾರಿ ಥರ ಇರ್ಬೇಕು ಅತ್ತಿಗೆ? ಅದಕ್ಕೂ ಕಟ್ಟಿಸಿದೀನಿ,” ಎಂದು ಮೈದುನ ಒಂದು ಕಟ್ಟೆ ತೋರಿಸಿದ. ಪ್ರೀತಿಯಿಂದಲೇ ಮಾಡಿಸಿದ್ದ, ಪಾಪ. ಹುಲ್ಲು ಕೆತ್ತಿ, ದಿಬ್ಬ ಸಮ ಮಾಡಿ, ಸುಳ್ಳು ಸಮಾಧಿಗಳಿಗೆ ಹಾಕಿದ ಅಚ್ಚನ್ನೇ ಅದಕ್ಕೂ ಹಾಕಿಸಿದ್ದ. ನನ್ನ ಬಿಲ್ವದ ಗಿಡ ಬುಡಸಮೇತ ಮಾಯವಾಗಿತ್ತು. ಅದರ ಟೊಂಗೆಗಳನ್ನು ಕಡಿದು ಎಲ್ಲದಕ್ಕೂ ಹಂಚಿದ್ದರು.

ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಕಟ್ಟೆಗಳ ನಡುವೆ ಓಡಾಡಿ, ಒಂದರ ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದಳು. ಸಿಟ್ಟೇನೂ ಮಾಡಲಿಲ್ಲ. ಇವೆಲ್ಲ ಮೊನ್ನೆ ಕಟ್ಟಿದ್ದು, ಜೆಸಿಬಿ ತರಿಸಿ ಎಲ್ಲವನ್ನೂ ತೆಗೆಸಿ ಎಂದು ಜೊತೆಯವರಿಗೆ ಹೇಳಿದಳು. ಅಳುತ್ತಾ ಕೂರಬೇಕಾದವಳು ನಾನು ಎದ್ದು ನಿಂತೆ.

“ಇದೊಂದು ನಿಜದ್ದಮ್ಮ. ಇಲ್ಲಿ ನಮ್ಮ ಯಜಮಾನರಿದ್ದಾರೆ.”

“ಹಾಗಾದ್ರೆ ಉಳಿದವು?”

ಮೈದುನ ನನ್ನನ್ನೇ ನೋಡುತ್ತಿದ್ದ. ಅವನ ಹಿಂದೆ ಊರೇ ನಿಂತಿತ್ತು. ನನ್ನ ಮದುವೆಯಲ್ಲಿ ಆರತಿ ಎತ್ತಿದ ಹೆಂಗಸರೂ ಇದ್ದರು. ಎಲ್ಲವೂ ನಿಜ ಎಂದರೆ ಇದೊಂದು ನಿಜವೆಂಬುದನ್ನೂ ಯಾರೂ ನಂಬುವಂತಿರಲಿಲ್ಲ.

“ಉಳಿದವುಗಳಲ್ಲಿ ಯಾರೂ ಇಲ್ಲ,” ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಒಬ್ಬೊಬ್ಬರಾಗಿ ಊರ ಕಡೆ ನಡೆದರು. ಮೈದುನ ಮಾತ್ರ ಹತ್ತಿರ ಬಂದು, ಇನ್ನು ಈ ಕಡೆ ಬರಬೇಡಿ ಅತ್ತಿಗೆ ಎಂದು ಮೆಲ್ಲಗೆ ಹೇಳಿ ಹೋದ. ರಸ್ತೆಯವರೆಗೆ ಒಬ್ಬಳೇ ನಡೆದು ಬಂದು ಬಸ್ಸು ಹತ್ತಿದೆ. ಆಮೇಲೆ ಅವನು ಫೋನೂ ಮಾಡಲಿಲ್ಲ.

ಆ ಅಧಿಕಾರಿ ನನ್ನ ಮಾತು ನಂಬಿದಳು. ನಕ್ಷೆ ತಿದ್ದಿಸಿ ಗುಂಡಿಯನ್ನು ಆಚೆಗೆ ಸರಿಸಿದಳು. ಕಾಂಪೌಂಡಿನ ಒಳಗೆ ಸುತ್ತಲೂ ಗಿಡ ಬೆಳೆಸುವ ಜಾಗದಲ್ಲಿ ನಮ್ಮವರ ಸಮಾಧಿ ಉಳಿಯಿತು. ಕೇಳಿಕೊಂಡು ಬಂದು ಪೂಜೆ ಮಾಡಬಹುದು ಎಂದಳು. ಪಕ್ಕದ ಜಾಗ ನನ್ನದು ಎಂದು ಹೇಳಿದೆ. ಒಳಗೆ ಹೊಸದಾಗಿ ಯಾರನ್ನೂ ಹೂಳಲು ಬರುವುದಿಲ್ಲಮ್ಮ ಎಂದಳು. ಅಡಿಕೆ ಸಾಲಿನ ನಡುವೆ ನನಗಿಷ್ಟು ನೆಲ ಕೊಡು ಎಂದು ಮೈದುನನನ್ನು ಕೇಳಲು ನನಗೆ ಮುಖವಿಲ್ಲ.

ಈಗ ಗುಂಡಿ ಶುರುವಾಗಿದೆ. ಗೊಬ್ಬರಕ್ಕೂ ಗುಜರಿಗೂ ಆಗದ ಕಸಕ್ಕೆಂದು ಮೂರನೆಯ ಬುಟ್ಟಿ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಅದರಲ್ಲಿ ಇದ್ದದ್ದು ನನ್ನ ಸವೆದ ಚಪ್ಪಲಿ ಮಾತ್ರ. ಇದೆಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದೂ ಕೇಳಿದೆ. ಹೊಳೆಹೊನ್ನೂರಿನ ಕಡೆಗೆ ಮೇಡಂ ಎಂದಳು ಆಟೊದವಳು. ಬುಟ್ಟಿ ಖಾಲಿ ಮಾಡಿ ನನ್ನ ಕೈಗೆ ವಾಪಸು ಕೊಟ್ಟಳು. ನನ್ನ ಚಪ್ಪಲಿ ನಮ್ಮವರ ಹತ್ತಿರಕ್ಕೆ ಹೋಯಿತು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ.